ಜಪಾನಿನ ಊಟ ಮತ್ತು ಅತಿಥಿ ಸತ್ಕಾರ

ಜಪಾನಿಗೆ ಉದಯಿಸುವ ಸೂರ್ಯನ ನಾಡು ಎಂದು ಹೆಸರು. ಸರ್ ಎಂ. ವಿಶ್ವೇಶ್ವರಯ್ಯನವರು 1898ರಲ್ಲಿಯೇ ಅಲ್ಲಿಗೆ ಪ್ರವಾಸ ಹೋಗಿದ್ದರು. ಆಗ ಅವರು ಮುಂಬೈ ಸರ್ಕಾರದಲ್ಲಿ ಇಂಜಿನಿಯರು. ನಮ್ಮ ಗದಗ ಕೂಡ ಆಗ ಮುಂಬೈ ಪ್ರಾಂತದಲ್ಲಿತ್ತು. ಅಲ್ಲಿಯ ಶಾಲೆ, ಕೈಗಾರಿಕೆಗಳನ್ನು ಅವರು ಬಹಳ ಮೆಚ್ಚಿದರು. ಮುಂದೆ ಅವರು ಮೈಸೂರು ದಿವಾನರಾಗಿದ್ದಾಗ 1913ರಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾಯ್ದೆ ಬಂತು.

ಇದೆಲ್ಲ ದೊಡ್ಡವರ ಮಾತಾಯಿತು. ಅಲ್ಲಿ ಮನೆಯೊಳಗೆ ಹೇಗಿರುತ್ತದೆ ಎಂದು ನನಗೆ ಹೇಳಿದವರು ಮುಂಡರಗಿಯ ನಮ್ಮ ಸೋದರಮಾವ. ಅವರು ಕಂಪನಿ ತರಬೇತಿಗೆಂದು ಜಪಾನಿಗೆ ಹೋಗಿದ್ದರು. "ಚಪ್ಪಲಿ ಬಾಗಲದಾಗ ಬಿಡೂದು ನಮ್ಮಂಗ ಐತಿ. ಆದರ ಪಾಯಖಾನಿಗೆ ಬ್ಯಾರೆ ಚಪ್ಪಲಿ ಇರ್ತಾವು" ಅಂದರು. ಮಾಮಾ ಅದು ಗೊತ್ತಿಲ್ಲದೆ ಆ ಚಪ್ಪಲಿಯಲ್ಲೇ ಊಟದ ಕೋಣೆಗೆ ಬಂದುಬಿಟ್ಟರಂತೆ! ಯಾರೂ ನಗಲಿಲ್ಲ. ಆ ಮನೆಯ ಅಜ್ಜಿ ಸುಮ್ಮನೆ ಬೇರೆ ಜೋಡು ತಂದು ಕಾಲ ಹತ್ತಿರ ಇಟ್ಟರಂತೆ.

ಅವರ ಊಟದಲ್ಲಿ ಅನ್ನ, ಉಪ್ಪಿನಲ್ಲಿ ಹಾಕಿದ ತರಕಾರಿ, ಮೀನು ಮತ್ತು ಮಿಸೊ ಸಾರು ಇರುತ್ತದೆ. ಮಿಸೊ ಎಂದರೆ ಸೋಯಾ ಅವರೆಯನ್ನು ಹುದುಗಿಸಿ ಮಾಡಿದ್ದು. ಸಾರಿಗೂ ಒಣ ಮೀನಿನ ರಸ ಹಾಕುವುದು ರೂಢಿ. ಮಾಮಾ ಮೀನು ತಿನ್ನುವುದಿಲ್ಲ ಎಂದು ಕೇಳಿ ತಿಳಿದುಕೊಂಡು, ಅಜ್ಜಿ ಸಮುದ್ರದ ಪಾಚಿಯಿಂದಲೇ ಸಾರು ಮಾಡಿದ್ದರು. ಉಣ್ಣುವ ಮೊದಲು ಎಲ್ಲರೂ ಕೈ ಜೋಡಿಸಿ 'ಇತಾದಾಕಿಮಾಸು' ಅನ್ನುತ್ತಾರೆ. ವಿನಯದಿಂದ ಸ್ವೀಕರಿಸುತ್ತೇನೆ ಎಂದು ಅದರ ಅರ್ಥ. ಉಣ್ಣುವ ಕಡ್ಡಿಗಳನ್ನು ಅನ್ನದಲ್ಲಿ ನೆಟ್ಟಗೆ ಚುಚ್ಚಿ ನಿಲ್ಲಿಸಬಾರದು. ಸತ್ತವರಿಗೆ ಎಡೆ ಇಡುವಾಗ ಮಾತ್ರ ಹಾಗೆ ಮಾಡುತ್ತಾರೆ.

ಅಲ್ಲಿ ಶಾಲೆಯ ಊಟ 1889ರಲ್ಲಿ ತ್ಸುರುಓಕಾ ಎಂಬ ಊರಿನಲ್ಲಿ ಬಡಮಕ್ಕಳಿಗಾಗಿ ಸುರುವಾಯಿತು. ಈಗ ಮಕ್ಕಳೇ ಪಾಳಿ ಪ್ರಕಾರ ಬಿಳಿ ಅಂಗಿ, ಟೊಪ್ಪಿಗೆ ಹಾಕಿಕೊಂಡು ಬಡಿಸುತ್ತಾರೆ. ಎಲ್ಲರಿಗೂ ಬಡಿಸಿ ಆಗುವವರೆಗೆ ಯಾರೂ ಉಣ್ಣುವುದಿಲ್ಲ. ಗುರುಗಳಿಗೂ ಅದೇ ಊಟ.

ಇದನ್ನು ಕೇಳಿ, "ನಮ್ಮ ಬಿಸಿಯೂಟದಾಗೂ ನಾನು ಬಡಸ್ತೀನಿ ಮಾಮಾ" ಅಂದೆ. ಅವರು, "ಕಡೀ ಸಾಲಿನ ಹುಡುಗಗ ಬ್ಯಾಳಿ ಸಿಗತೈತೇನು?" ಎಂದು ಕೇಳಿದರು. ನಾನು ಸುಮ್ಮನಾದೆ. ನನ್ನ ಪಾಳಿ ಇದ್ದಾಗ ಗೆಳೆಯರಿಗೆ ಸೌಟು ತಳಕ್ಕೆ ಹಾಕಿ ಬೇಳೆ ಎತ್ತಿ ಕೊಡುತ್ತಿದ್ದೆ. ಕಡೆಗೆ ಕೂತ ಒಂದನೇ ತರಗತಿಯವರಿಗೆ ಬರೀ ತಿಳಿ ಹೋಗುತ್ತಿತ್ತು. ಅವರು ಸಣ್ಣವರು, ಕೇಳುವುದಿಲ್ಲ.

ಶುಕ್ರವಾರ ಮತ್ತೆ ನನ್ನ ಪಾಳಿ ಇದೆ. ಈ ಸಲ ಒಂದನೇ ತರಗತಿಯ ಸಾಲಿನಿಂದ ಸುರು ಮಾಡುತ್ತೇನೆ. ಏಳನೆಯವರು ಸಿಟ್ಟಾಗಬೇಡಿರಿ.