ಬೇಡಿಕೆ ಪಟ್ಟಿ ನಿಮ್ಮ ಕೈಯಲ್ಲೇ ಇರಲಿ

ಮಕ್ಕಳೇ, ಸ್ವಂತ ನಾಡು ಬೇಕೆನ್ನುವ ಚಳವಳಿಯ ಜೊತೆ ಕಾರ್ಮಿಕ ಸಂಘ ಹೋಗಬಹುದೇ ಎಂದು ಕೇಳುತ್ತೀರಿ. ಹೋಗಬಹುದು. ಹೊರಡುವ ಮೊದಲು ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ಏನಾಯಿತೆಂದು ತಿಳಿದುಕೊಳ್ಳಿ.

ಅಲ್ಲಿ ಹೆಚ್ಚಿನವರ ಮಾತು ಫ್ರೆಂಚ್. ಆದರೆ ಕಾರ್ಖಾನೆಯಲ್ಲಿ ಹುಕುಂ ಬರುತ್ತಿದ್ದದ್ದು ಇಂಗ್ಲಿಷಿನಲ್ಲಿ, ಸಂಬಳದಲ್ಲೂ ಫ್ರೆಂಚ್ ಮಾತಾಡುವವರೇ ಹಿಂದೆ. ಭಾಷೆಯ ನೋವು, ಕೂಲಿಯ ನೋವು ಎರಡೂ ಒಂದೇ ಮೈಯಲ್ಲಿದ್ದವು. 1970ರಲ್ಲಿ ಸೇಂತ್ ತೆರೇಸ್‌ನ ಜನರಲ್ ಮೋಟರ್ಸ್ ಕಾರ್ಮಿಕರು ಕೆಲಸದ ಜಾಗದಲ್ಲಿ ಫ್ರೆಂಚ್ ಬೇಕೆಂದೂ ಮುಷ್ಕರ ಹೂಡಿದರು. 1972ರಲ್ಲಿ ಸರ್ಕಾರಿ ವಲಯದ ಸುಮಾರು ಎರಡು ಲಕ್ಷ ನೌಕರರು ಬೀದಿಗಿಳಿದರು. ಕೋರ್ಟಿನ ತಡೆಯಾಜ್ಞೆಗೆ ಬಗ್ಗಬೇಡಿ ಎಂದಿದ್ದಕ್ಕೆ ಕಾರ್ಮಿಕ ಒಕ್ಕೂಟಗಳ ನಾಯಕರಾದ ಮಾರ್ಸೆಲ್ ಪೆಪಾಂ, ಲೂಯಿ ಲಾಬೆರ್ಜ್, ಇವೊಂ ಶಾರ್ಬೊನೋ ಮೂವರೂ ಜೈಲಿಗೆ ಹೋದರು.

1976ರಲ್ಲಿ ಸ್ವತಂತ್ರ ಕ್ವಿಬೆಕ್ ಬೇಕೆನ್ನುವ ರೆನೆ ಲೆವೆಕ್ ಅವರ ಪಕ್ಷ ಗೆದ್ದಿತು. ಮರುವರ್ಷವೇ ಕೆಲಸದ ಭಾಷೆ ಫ್ರೆಂಚ್ ಆಯಿತು. ಮುಷ್ಕರದ ಹೊತ್ತಿನಲ್ಲಿ ಬದಲಿ ಕೆಲಸಗಾರರನ್ನು ಒಳಗೆ ಬಿಡುವಂತಿಲ್ಲ ಎಂಬ ಕಾನೂನೂ ಬಂತು. ಗೇಟಿನ ಮುಂದೆ ಕೂತವರಿಗೆ ಗೊತ್ತು ಅದರ ಬೆಲೆ. ಸ್ವಂತ ನಾಡಿನ ವಿಷಯವಾಗಿ 1980ರಲ್ಲಿ ನಡೆದ ಜನಮತಗಣನೆಯಲ್ಲಿ ಲಾಬೆರ್ಜ್ ಅವರ ಒಕ್ಕೂಟ ಲೆವೆಕ್ ಪರ ನಿಂತಿತು. ನೂರಕ್ಕೆ ಸುಮಾರು 60 ಮಂದಿ ಬೇಡವೆಂದರು.

ಆಮೇಲೆ ಆರ್ಥಿಕ ಹಿಂಜರಿತ. ಅದೇ ಸರ್ಕಾರ 1983ರ ಮೊದಲ ಮೂರು ತಿಂಗಳು ಸರ್ಕಾರಿ ವಲಯದ ನೌಕರರ ಸಂಬಳವನ್ನು ಶೇ 20ರಷ್ಟರವರೆಗೆ ಕಡಿಯಿತು. ಮುಷ್ಕರ ಹೂಡಿದ ಶಿಕ್ಷಕರನ್ನು ಕಾನೂನು ತಂದು, ಕೆಲಸ ಕಳೆಯುವ ಬೆದರಿಕೆ ಹಾಕಿ ಶಾಲೆಗೆ ಮರಳಿಸಿತು.

ಲೆವೆಕ್ ಕೆಟ್ಟವರಾದರು ಎಂದು ತೀರ್ಮಾನಿಸಬೇಡಿ. ಖಜಾನೆ ಕೈಗೆ ಬಂದ ದಿನವೇ ಜೊತೆಗಾರ ಧಣಿಯೂ ಆಗುತ್ತಾನೆ. ಅದನ್ನು ಮೊದಲೇ ಲೆಕ್ಕ ಹಾಕದಿದ್ದರೆ ತಪ್ಪು ನಮ್ಮದು. ಚಳವಳಿಗೆ ಬೆಂಬಲ ಕೊಡುವ ದಿನವೇ ನಿಮ್ಮ ಬೇಡಿಕೆಗಳನ್ನು ಬರೆದು ಅದರ ನಾಯಕರ ಸಹಿ ಹಾಕಿಸಿಕೊಳ್ಳಿ. ಮುಷ್ಕರ ನಿಧಿಯನ್ನು ಅವರ ಸಭೆ, ಮೆರವಣಿಗೆಗೆ ಕೊಡಬೇಡಿ. ಪಕ್ಷದ ಪದಾಧಿಕಾರಿಯನ್ನು ಸಂಘದ ಅಧ್ಯಕ್ಷನನ್ನಾಗಿ ಮಾಡಬೇಡಿ.

ಇನ್ನೊಂದು ಮಾತು. 1995ರಲ್ಲಿ ಮತ್ತೆ ಜನಮತ ಕೇಳಿದಾಗ ಬೇಡವೆಂದವರು ಶೇ 50.58. ನಾಡು ಸರಿಸುಮಾರು ಎರಡು ಪಾಲು. ನಿಮ್ಮ ಸಂಘದಲ್ಲೂ ಬೇಡವೆನ್ನುವ ಸದಸ್ಯ ಇದ್ದೇ ಇರುತ್ತಾನೆ, ಅವನೂ ತಿಂಗಳ ಚಂದಾ ಕಟ್ಟಿದವನೇ. ಅವನನ್ನು ದ್ರೋಹಿ ಎನ್ನಲು ಯಾರಿಗೂ ಬಿಡಬೇಡಿ. ಅವನಿಗೆ ನೋಟಿಸು ಬಂದರೆ ನೀವೇ ಮೊದಲು ಮ್ಯಾನೇಜರ ಕೋಣೆಗೆ ಹೋಗಿ.