ಬೇಸಿಗೆಯಲ್ಲಿ ಬೃಂದಾವನ: ತೋಟಗಾರರಿಗೊಂದು ನೀರಿನ ಪಾಠ



ಬೇಸಿಗೆ ರಜೆ ಬಂತೆಂದರೆ ಮಕ್ಕಳು ಮರಿಗಳೊಡನೆ ಮೈಸೂರಿನ ಕಡೆ ಪ್ರವಾಸ ಹೋಗುವ ವಾಡಿಕೆ ನಮ್ಮ ಜಿಲ್ಲೆಯ ಅನೇಕ ಮನೆಗಳಲ್ಲಿದೆ. ಅರಮನೆ, ಚಾಮುಂಡಿ ಬೆಟ್ಟ ಮುಗಿಸಿ, ಸಂಜೆ ಹೊತ್ತಿಗೆ ಕೃಷ್ಣರಾಜಸಾಗರ ತಲುಪಿ, ಬೃಂದಾವನದ ಕಾರಂಜಿ ಮತ್ತು ದೀಪಗಳನ್ನು ಕಂಡು ಹಿಂದಿರುಗುವುದು ರೂಢಿ. ಈ ಸಲ ಹೋಗುವವರಿಗೆ ನನ್ನದೊಂದು ಸೂಚನೆ: ದೀಪ ಹೊತ್ತುವುದಕ್ಕೆ ಎರಡು ಗಂಟೆ ಮೊದಲೇ ಹೋಗಿ. ಬೇಸಾಯಗಾರನು ಕಲಿಯಬೇಕಾದುದೆಲ್ಲ ಹಗಲು ಬೆಳಕಿನಲ್ಲಿಯೇ ಕಾಣುವಂಥದು. ಮಳೆಗಾಲದಲ್ಲಿ ಎಲ್ಲ ತೋಟವೂ ಹಸಿರೇ. ತೋಟವನ್ನು ಕಟ್ಟಿದವರ ಜಾಣತನ ಏಪ್ರಿಲ್–ಮೇ ತಿಂಗಳುಗಳಲ್ಲಿ ಬಯಲಾಗುತ್ತದೆ. ನನಗೆ ಈ ಉದ್ಯಾನ ಅಚ್ಚುಮೆಚ್ಚಾಗಿರುವುದೂ ಆ ಕಾರಣಕ್ಕೇ.

ಉದ್ಯಾನದ ಹಿನ್ನೆಲೆ

ಕಾವೇರಿಗೆ ಅಡ್ಡಲಾಗಿ ಕಟ್ಟಿರುವ ಕೃಷ್ಣರಾಜಸಾಗರ ಅಣೆಕಟ್ಟೆಯ ಕೆಲಸ ಆರಂಭವಾದುದು 1911ರಲ್ಲಿ. ಅದರ ಕೆಳಭಾಗದಲ್ಲಿ ಉದ್ಯಾನ ನಿರ್ಮಿಸುವ ಕೆಲಸ 1927ರಲ್ಲಿ ಆರಂಭವಾಗಿ 1932ರಲ್ಲಿ ಮುಗಿಯಿತು. ಆಗ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. ಲಾಲ್‌ಬಾಗನ್ನು ಅನೇಕ ವರ್ಷ ನೋಡಿಕೊಂಡ ಜರ್ಮನಿಯ ತೋಟಗಾರಿಕಾ ತಜ್ಞ ಕ್ರುಂಬಿಗಲ್ ಅವರ ಪರಿಶ್ರಮವೂ ಇದರಲ್ಲಿದೆ. ಸುಮಾರು 60 ಎಕರೆಯ ಈ ಉದ್ಯಾನಕ್ಕೆ ಮಾದರಿ ಕಾಶ್ಮೀರದ ಶಾಲಿಮಾರ್ ತೋಟ. ಮೊಗಲ್ ದೊರೆ ಜಹಾಂಗೀರನು 1619ರಲ್ಲಿ ಆರಂಭಿಸಿದ ಆ ತೋಟದಲ್ಲಿ ಬೆಟ್ಟದ ನೀರು ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಇಲ್ಲಿ ಬೆಟ್ಟದ ಸ್ಥಾನದಲ್ಲಿ ಅಣೆಕಟ್ಟೆ ಇದೆ.

ಮೊದಲು ಮಟ್ಟ ನೋಡಿ, ಆಮೇಲೆ ಹೂವು ನೋಡಿ

ಬೃಂದಾವನ ಒಂದರ ಕೆಳಗೊಂದಾಗಿ ಮೂರು ಅಂತಸ್ತುಗಳಲ್ಲಿದೆ. ಇಳಿಜಾರನ್ನು ಹಾಗೆಯೇ ಬಿಟ್ಟಿದ್ದರೆ ಹಾಯಿಸಿದ ನೀರು ಮಣ್ಣನ್ನೂ ಕೊಚ್ಚಿಕೊಂಡು ಓಡುತ್ತಿತ್ತು. ಮಟ್ಟ ಮಾಡಿದ್ದರಿಂದ ನೀರು ನಿಂತು, ಇಂಗಿ, ನಿಧಾನವಾಗಿ ಕೆಳಗಿನ ಅಂತಸ್ತಿಗೆ ಸಾಗುತ್ತದೆ. ಇದೇ ತತ್ತ್ವವನ್ನು ನಮ್ಮ ಜಿಲ್ಲೆಯಲ್ಲಿಯೇ ನೋಡಬೇಕೆನ್ನುವವರು ಹೊಸನಗರ ತಾಲ್ಲೂಕಿನ ನಗರದ ಸಮೀಪ ಕೆಳದಿ ಅರಸರ ಕಾಲದ ದೇವಗಂಗೆ ಕೊಳಗಳಿಗೆ ಹೋಗಬಹುದು. ಅಲ್ಲಿ ಬೆಟ್ಟದ ನೀರು ಕೊಳದಿಂದ ಕೊಳಕ್ಕೆ ತಾನಾಗಿ ಇಳಿಯುತ್ತದೆ. ಮಲೆನಾಡಿನ ಹಳೆಯ ಅಡಿಕೆ ತೋಟದ ಏರ್ಪಾಡೂ ಇದೇ: ಮೇಲೆ ಕೆರೆ, ನಡುವೆ ತೋಟ, ಕೆಳಗೆ ಗದ್ದೆ.

ಆದರೆ ಈಚಿನ ವರ್ಷಗಳಲ್ಲಿ ಅಡಿಕೆ ಕಣಿವೆಯನ್ನು ಬಿಟ್ಟು ಇಳಿಜಾರಿನ ಖುಷ್ಕಿ ಹೊಲಗಳಿಗೆ ಹತ್ತಿದೆ. ಅಂಥ ಜಮೀನಿನಲ್ಲಿ ಸಸಿ ನೆಡುವ ಮೊದಲು ಈ ಕ್ರಮಗಳನ್ನು ಅನುಸರಿಸಬೇಕು.

1. ಪಾರದರ್ಶಕ ಕೊಳವೆಯಲ್ಲಿ ನೀರು ತುಂಬಿ, ಇಬ್ಬರು ಎರಡು ತುದಿ ಹಿಡಿದು, ಒಂದೇ ಮಟ್ಟದ ಸ್ಥಳಗಳನ್ನು ಗುರುತಿಸಿ ಗೂಟ ಹೊಡೆಯಬೇಕು. ಗೂಟಗಳನ್ನು ಸೇರಿಸುವ ಗೆರೆಯೇ ಬದುವಿನ ಗೆರೆ.

2. ಮಟ್ಟ ಮಾಡುವಾಗ ಮೇಲಿನ ಅರ್ಧ ಅಡಿ ಮಣ್ಣನ್ನು ಒಂದು ಬದಿಗೆ ತೆಗೆದಿಟ್ಟು, ಕೆಲಸ ಮುಗಿದ ಮೇಲೆ ಮತ್ತೆ ಹರಡಬೇಕು. ಸಾರವಿರುವುದು ಆ ಮಣ್ಣಿನಲ್ಲಿ. ಜೆಸಿಬಿಯವರ ಆತುರಕ್ಕೆ ಅದನ್ನು ಹೂತುಹಾಕಿದರೆ ಸಸಿಗಳು ಅನೇಕ ವರ್ಷ ಸೊರಗುತ್ತವೆ.

3. ನೀರಿನ ತೊಟ್ಟಿಯನ್ನು ಜಮೀನಿನ ಎತ್ತರದ ತುದಿಯಲ್ಲಿ ಕಟ್ಟಬೇಕು. 10 ಮೀಟರ್ ಎತ್ತರದ ನೀರು ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋಗ್ರಾಂ ಒತ್ತಡ ಕೊಡುತ್ತದೆ. ಸಾಮಾನ್ಯ ಹನಿ ನೀರಾವರಿಗೆ ಇಷ್ಟು ಸಾಕು. ವಿದ್ಯುತ್ ಬಂದಾಗ ತೊಟ್ಟಿ ತುಂಬಿಕೊಂಡರೆ, ಇಲ್ಲದಾಗಲೂ ಗಿಡಕ್ಕೆ ನೀರು ಇಳಿಯುತ್ತದೆ.

ನೇರ ಸಾಲಿಗೂ ಕಾರಣ ಬೇಕು

ಉದ್ಯಾನದ ನೇರ ಗೆರೆಗಳು ಕಣ್ಣಿಗೆ ಇಂಪು. ನಮ್ಮ ತೋಟದ ಸಾಲು ಮರದ ಹಿತಕ್ಕಾಗಿಯೂ ಇರಬೇಕು. ಅಡಿಕೆಯ ಕಾಂಡಕ್ಕೆ ಮಧ್ಯಾಹ್ನದ ನಂತರ ನೈರುತ್ಯದ ಬಿಸಿಲು ನೇರವಾಗಿ ತಗಲಿದರೆ ಸುಟ್ಟು ಸೀಳುತ್ತದೆ. ಆದ್ದರಿಂದ 9 ಅಡಿ ಅಂತರದ ಸಾಲುಗಳನ್ನು ಉತ್ತರ–ದಕ್ಷಿಣವಾಗಿ ಹಾಕುವಾಗ 35 ಡಿಗ್ರಿಯಷ್ಟು ಪಶ್ಚಿಮಕ್ಕೆ ವಾಲಿಸಬೇಕೆಂಬ ಶಿಫಾರಸು ಇದೆ. ದಕ್ಷಿಣ ಮತ್ತು ಪಶ್ಚಿಮದ ಅಂಚಿನಲ್ಲಿ ಎತ್ತರ ಬೆಳೆಯುವ ನೆರಳಿನ ಮರಗಳನ್ನೂ, ಎಳೆಯ ತೋಟದಲ್ಲಿ ಬಾಳೆಯನ್ನೂ ಬೆಳೆಸಬೇಕು. ಈಗಾಗಲೇ ಬಿಸಿಲಿಗೆ ತೆರೆದಿರುವ ಮರಗಳ ಕಾಂಡಕ್ಕೆ ಸುಣ್ಣ ಬಳಿಯಬೇಕು, ಇಲ್ಲವೆ ಸೋಗೆ ಕಟ್ಟಬೇಕು.

ಹುಲ್ಲುಹಾಸಿನ ಲೆಕ್ಕ

ಉದ್ಯಾನ ನೋಡಿ ಬಂದವರಲ್ಲಿ ಹಲವರಿಗೆ ತೋಟದ ಮನೆಯ ಮುಂದೆ ಅಂಥದೇ ಹುಲ್ಲುಹಾಸು ಬೇಕೆನಿಸುತ್ತದೆ. ಆಸೆ ತಪ್ಪಲ್ಲ, ಆದರೆ ಲೆಕ್ಕ ತಿಳಿದಿರಲಿ. ಒಂದು ಚದರ ಮೀಟರ್ ನೆಲದ ಮೇಲೆ 1 ಮಿಲಿಮೀಟರ್ ನೀರು ನಿಂತರೆ ಅದು 1 ಲೀಟರ್. ಬೇಸಿಗೆಯಲ್ಲಿ ಹುಲ್ಲಿಗೆ ದಿನಕ್ಕೆ 5 ಮಿಲಿಮೀಟರ್ ನೀರು ಬೇಕೆಂದಿಟ್ಟುಕೊಂಡರೆ, ಸುಮಾರು 100 ಚದರ ಮೀಟರಿನ ಒಂದು ಗುಂಟೆಗೆ ದಿನಕ್ಕೆ 500 ಲೀಟರ್ ಬೇಕು. ಹನಿ ನೀರಾವರಿಯಲ್ಲಿ ಫಲ ಕೊಡುವ ಅಡಿಕೆ ಮರಕ್ಕೆ ದಿನಕ್ಕೆ ಶಿಫಾರಸಾಗಿರುವುದು 16ರಿಂದ 20 ಲೀಟರ್. ಅಂದರೆ ಒಂದು ಗುಂಟೆ ಹುಲ್ಲು ಕುಡಿಯುವ ನೀರಿನಲ್ಲಿ 25 ಅಡಿಕೆ ಮರಗಳು ಬದುಕುತ್ತವೆ. ಬೃಂದಾವನದ ಬೆನ್ನಿಗೆ 124.80 ಅಡಿ ಪೂರ್ಣಮಟ್ಟದ ಜಲಾಶಯವಿದೆ. ನಮ್ಮ ಬೆನ್ನಿಗಿರುವುದು ಒಂದು ಕೊಳವೆಬಾವಿ. ಮನೆಯ ಮುಂದೆ ಬಣ್ಣ ಬೇಕಾದವರು ಬೋಗನ್‌ವಿಲ್ಲಾ ಬೆಳೆಸಲಿ. ಬೇರೂರಿದ ಗಿಡಕ್ಕೆ ನೀರು ಸ್ವಲ್ಪ ಕಡಿಮೆಯಾದರೂ ಬೇಸಿಗೆಯಲ್ಲಿ ಚೆನ್ನಾಗಿ ಹೂ ಬಿಡುತ್ತದೆ.

ಕೃಷಿಹೊಂಡವಿರುವವರೂ ಇದೇ ಲೆಕ್ಕ ಮಾಡಬೇಕು. 21 ಮೀಟರ್ ಉದ್ದಗಲದ ಹೊಂಡದಿಂದ ದಿನಕ್ಕೆ 5 ಮಿಲಿಮೀಟರ್ ಆವಿಯಾದರೆ ಸುಮಾರು 2,200 ಲೀಟರ್ ನಷ್ಟ. ಇದು 110 ಮರಗಳ ಒಂದು ದಿನದ ನೀರು. ಹೊಂಡದ ಮೇಲೆ ನೆರಳು ಪರದೆ ಕಟ್ಟುವ ಖರ್ಚನ್ನು ಈ ನಷ್ಟದೊಡನೆ ಹೋಲಿಸಿ ನೋಡಿ.

ಕತ್ತರಿಸಿದ ಬೇಲಿಯ ಉಪಯೋಗ

ಬೃಂದಾವನದ ದುರಂತ ಗಿಡದ ಬೇಲಿಗಳನ್ನು ಮತ್ತೆ ಮತ್ತೆ ಕತ್ತರಿಸಿ ಅಚ್ಚುಕಟ್ಟಾಗಿಡುತ್ತಾರೆ. ಅಲ್ಲಿ ಅದು ಅಂದಕ್ಕೆ. ನಮ್ಮ ಬದುಗಳ ಮೇಲೆ ಗ್ಲಿರಿಸಿಡಿಯ, ಅಂದರೆ ಗೊಬ್ಬರದ ಗಿಡವನ್ನು ಸಾಲಾಗಿ ಬೆಳೆಸಿ ಅದೇ ರೀತಿ ಕತ್ತರಿಸಿದರೆ ಸಾರಜನಕ ಹೇರಳವಾಗಿರುವ ಸೊಪ್ಪು ದೊರೆಯುತ್ತದೆ. ಮುಂಗಾರು ಹಿಡಿದಾಗ 3–4 ಅಡಿ ಉದ್ದದ ಬಲಿತ ಕಡ್ಡಿಗಳನ್ನು ನೆಡಬೇಕು. ಬೇಸಿಗೆಗೆ ಮುಂಚೆ ಒಮ್ಮೆ ಸವರಿ, ಸೊಪ್ಪನ್ನು ಮರದ ಬುಡಕ್ಕೆ ಹರಡಿ, ಅದರ ಮೇಲೆ ಒಣ ದರಗು, ಸೋಗೆ ಹೊದಿಸಬೇಕು. ಹೊದಿಕೆಯಿರುವ ನೆಲದಲ್ಲಿ ತೇವ ಬೇಗ ಆರುವುದಿಲ್ಲ. ಪಶ್ಚಿಮದ ಅಂಚಿನ ಗಿಡಗಳನ್ನು ಮಾತ್ರ ಬಿರುಬೇಸಿಗೆಯಲ್ಲಿ ಬೋಳಿಸಬಾರದು, ಅವುಗಳ ನೆರಳು ಬೇಕು.

ನೀರು ಅಳೆದು ಸಸಿ ನೆಡಿ

ಬೃಂದಾವನಕ್ಕೆ ಒಂದು ಎಲ್ಲೆ ಇದೆ. ಅದನ್ನು ಹಾಕಿಕೊಂಡೇ ನಕ್ಷೆ ಬರೆದರು. ನಮ್ಮಲ್ಲಿ ಧಾರಣೆ ಏರಿದಂತೆಲ್ಲ ತೋಟದ ಎಲ್ಲೆಯೂ ಏರುತ್ತದೆ, ನೀರು ಮಾತ್ರ ಏರುವುದಿಲ್ಲ. 2023ರ ಮುಂಗಾರು ಕೈಕೊಟ್ಟು ರಾಜ್ಯದ ಬಹುಪಾಲು ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾದವು. ಮರುವರ್ಷದ ಬೇಸಿಗೆಯಲ್ಲಿ ಚನ್ನಗಿರಿ ಸುತ್ತಲಿನ ಬೆಳೆಗಾರರು ಟ್ಯಾಂಕರ್ ನೀರು ಕೊಂಡು ಮರ ಉಳಿಸಿಕೊಳ್ಳಬೇಕಾಯಿತು. 5,000 ಲೀಟರಿನ ಒಂದು ಟ್ಯಾಂಕರ್ 250 ಮರಗಳಿಗೆ ಒಂದೇ ದಿನದ ನೀರು. ಎಕರೆಗೆ ಸುಮಾರು 540 ಮರಗಳೆಂದರೆ ಅರ್ಧ ಎಕರೆಗೂ ಸಾಲದು.

ಆದ್ದರಿಂದ ಹೊಸದಾಗಿ ಸಸಿ ನೆಡುವವರು ಏಪ್ರಿಲ್ ಕೊನೆಯಲ್ಲಿ ತಮ್ಮ ಕೊಳವೆಬಾವಿಯನ್ನು ಅಳೆಯಬೇಕು. 200 ಲೀಟರಿನ ಡ್ರಮ್ ತುಂಬಲು ಎಷ್ಟು ಹೊತ್ತು ಬೇಕೆಂದು ಗಡಿಯಾರ ಹಿಡಿದು ನೋಡಿ. ಎರಡು ಗಂಟೆ ಪಂಪು ಓಡಿದ ಮೇಲೆ ಅಳೆದರೆ ಲೆಕ್ಕ ಸರಿಯಾಗುತ್ತದೆ. 2 ನಿಮಿಷಕ್ಕೆ ತುಂಬಿದರೆ ಗಂಟೆಗೆ 6,000 ಲೀಟರ್, ದಿನಕ್ಕೆ 5 ಗಂಟೆ ವಿದ್ಯುತ್ ಸಿಕ್ಕರೆ 30,000 ಲೀಟರ್. ಮರಕ್ಕೆ 20 ಲೀಟರಿನಂತೆ ಇದು 1,500 ಮರಗಳಿಗೆ ಸಾಕು. ಆದರೆ ಬರದ ವರ್ಷಕ್ಕೆಂದು ಮೂರನೆಯ ಒಂದು ಪಾಲು ಬಿಟ್ಟು 1,000 ಮರಗಳಿಗೆ ನಿಲ್ಲಿಸಿ. ಉಳಿದ ಜಮೀನಿನಲ್ಲಿ ಮಳೆಯಾಶ್ರಿತ ಬೆಳೆ ಇರಲಿ.

ಪ್ರವಾಸದಿಂದ ಹಿಂದಿರುಗಿದ ವಾರದಲ್ಲಿಯೇ ಗೂಟ ಹೊಡೆಯುವ ಮತ್ತು ನೀರು ಅಳೆಯುವ ಕೆಲಸ ಮುಗಿಸಿದರೆ, ಬದುವಿನ ಕೆಲಸಕ್ಕೆ ಮುಂಗಾರಿನ ತನಕ ಸಮಯ ಸಿಗುತ್ತದೆ. ಮಟ್ಟ ಗುರುತಿಸುವುದು ಕಷ್ಟವೆನಿಸಿದವರು ನಿಮ್ಮ ಹತ್ತಿರದ ರೈತ ಸಂಪರ್ಕ ಕೇಂದ್ರದಲ್ಲಿ, ಇಲ್ಲವೆ ಶಿವಮೊಗ್ಗದ ಸವಳಂಗ ರಸ್ತೆಯ ನವಿಲೆಯಲ್ಲಿರುವ ಕೃಷಿ ಕಾಲೇಜಿನಲ್ಲಿ ವಿಚಾರಿಸಬಹುದು. ಬರುವಾಗ ಜಮೀನಿನ ನಕ್ಷೆಯನ್ನೂ, ಡ್ರಮ್ ತುಂಬಿದ ನಿಮಿಷಗಳ ಲೆಕ್ಕವನ್ನೂ ಬರೆದು ತನ್ನಿ.