ಶಿಕ್ಷಣ ಸಮ್ಮೇಳನಗಳಲ್ಲಿ ಸಂಶೋಧನಾ ಬಳಗ ಹಾಗೂ ಗೋಷ್ಠಿಗಳ ಸಂಯೋಜನೆ

ಶಿಕ್ಷಣವನ್ನು ಕುರಿತು ನಮ್ಮ ನಾಡಿನಲ್ಲಿ ವರ್ಷವೂ ಅನೇಕ ಸಮ್ಮೇಳನಗಳೂ ವಿಚಾರ ಸಂಕಿರಣಗಳೂ ನೆರವೇರುತ್ತವೆ. ತಳಿರು ತೋರಣ, ಸ್ವಾಗತಗೀತೆ, ಗಣ್ಯರ ಭಾಷಣ, ಸ್ಮರಣಿಕೆಗಳ ವಿತರಣೆ ಇವೆಲ್ಲವೂ ಸಾಂಗವಾಗಿ ನಡೆದ ಮೇಲೆ, ಸಂಜೆಯ ಹೊತ್ತಿಗೆ ಉಳಿದ ಅಲ್ಪಕಾಲದಲ್ಲಿ ಪ್ರಬಂಧಗಳನ್ನು ಅವಸರದಿಂದ ಓದಿ ಮುಗಿಸುವುದನ್ನು ನಾವೆಲ್ಲರೂ ಕಂಡಿದ್ದೇವೆ. ಆರು ತಿಂಗಳು ಶ್ರಮಿಸಿ ಪ್ರಬಂಧ ಬರೆದ ಉಪಾಧ್ಯಾಯರು ಅದರ ಮೊದಲ ಎರಡು ಪುಟಗಳನ್ನೋದುವಷ್ಟರಲ್ಲಿ ಗಂಟೆ ಬಾರಿಸುತ್ತದೆ. ಅವರು ಒಂದು ಕೈಚೀಲವನ್ನೂ ಒಂದು ಪ್ರಮಾಣಪತ್ರವನ್ನೂ ಹಿಡಿದು ಊರಿಗೆ ಮರಳುತ್ತಾರೆ. ಅವರು ಕಂಡುಕೊಂಡ ವಿಷಯವು ಯಾರ ಕಿವಿಗೂ ಬೀಳದೆ ಹೋಗುತ್ತದೆ. ಸಮ್ಮೇಳನವೆಂಬುದು ಉತ್ಸವ ಮಾತ್ರವಾಗದೆ ಜ್ಞಾನದ ಬೆಳವಣಿಗೆಗೆ ಸಾಧನವಾಗಬೇಕಾದರೆ ಅದನ್ನು ಹೇಗೆ ಸಂಯೋಜಿಸಬೇಕೆಂಬುದನ್ನು ವಿವೇಚಿಸುವುದೇ ಪ್ರಸಕ್ತ ಲೇಖನದ ಉದ್ದೇಶ.

ನಾಗಸಂದ್ರದ ಪ್ರಶ್ನೆ

ಈ ವಿಷಯವು ವಿಶ್ವವಿದ್ಯಾಲಯಗಳಿಗೆ ಸಂಬಂಧಿಸಿದ್ದು, ಶಾಲೆಯವರಿಗೇಕೆಂದು ಕೆಲವರು ಕೇಳಬಹುದು. ನಮ್ಮ ನಾಗಸಂದ್ರವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ತುಮಕೂರು ಹೆದ್ದಾರಿಯ ಮಗ್ಗುಲಲ್ಲಿರುವ ಈ ಊರು ಪೀಣ್ಯ ಕೈಗಾರಿಕಾ ಪ್ರದೇಶದ ನೆರೆಯಲ್ಲಿದೆ. 2015ರ ಮೇ 1ರಂದು ಮೆಟ್ರೊ ರೈಲು ಪೀಣ್ಯದಿಂದ ಇಲ್ಲಿಯವರೆಗೆ ಬಂದಿತು. 2024ರ ನವೆಂಬರಿನಲ್ಲಿ ಅದೇ ಮಾರ್ಗವು ಮಾದಾವರದವರೆಗೆ ಮುಂದುವರಿಯಿತು. ಕಾರ್ಖಾನೆಗಳ ಕೆಲಸವನ್ನರಸಿ ಉತ್ತರ ಕರ್ನಾಟಕದ ಜಿಲ್ಲೆಗಳಿಂದಲೂ ನೆರೆಹೊರೆಯ ಹಾಗೂ ದೂರದ ರಾಜ್ಯಗಳಿಂದಲೂ ಕುಟುಂಬಗಳು ಇತ್ತ ಬರುತ್ತವೆ. ಅವರ ಮಕ್ಕಳಲ್ಲಿ ಕೆಲವರು ವರ್ಷದ ನಡುವೆ ಶಾಲೆ ಸೇರುವರು, ಕೆಲವರು ವರ್ಷದ ನಡುವೆಯೇ ಬಿಟ್ಟು ಹೋಗುವರು. ಮನೆಯ ಮಾತು ಒಂದು, ಬೀದಿಯ ಮಾತು ಮತ್ತೊಂದು, ಪಠ್ಯದ ಮಾತು ಮಗುದೊಂದು. 2009ರ ಶಿಕ್ಷಣ ಹಕ್ಕು ಕಾಯಿದೆಯು ತಡವಾಗಿ ಬಂದ ಮಗುವಿಗೂ ಪ್ರವೇಶ ನಿರಾಕರಿಸಬಾರದೆಂದೂ, ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ ವಿಶೇಷ ತರಬೇತಿ ಕೊಡಬೇಕೆಂದೂ ವಿಧಿಸುತ್ತದೆ. ಆದರೆ ನವೆಂಬರಿನಲ್ಲಿ ಐದನೆಯ ತರಗತಿಗೆ ಬಂದ, ಕನ್ನಡದ ಅಕ್ಷರವನ್ನೇ ಕಾಣದ ಮಗುವಿಗೆ ಮೊದಲ ವಾರ ಏನನ್ನು ಕಲಿಸಬೇಕು? ಈ ಪ್ರಶ್ನೆಯನ್ನು ನಿತ್ಯ ಎದುರಿಸುವವರು ಇಲ್ಲಿಯ ಉಪಾಧ್ಯಾಯರು. ಅವರ ಅನುಭವವು ವಿದ್ವತ್ಸಭೆಯನ್ನು ತಲುಪದಿದ್ದರೆ ನಷ್ಟವು ಆ ಉಪಾಧ್ಯಾಯರದಷ್ಟೇ ಅಲ್ಲ, ಆ ಮಗುವಿನದು.

ಪರಂಪರೆಯ ಪಾಠ

ಬೇರೆ ಬೇರೆ ಕಾಯಕದವರು ಒಂದೆಡೆ ಸೇರಿ ಅನುಭಾವವನ್ನು ಪರೀಕ್ಷಿಸಿಕೊಂಡ ಪರಂಪರೆ ನಮ್ಮದು. ದೋಣಿ ನಡೆಸುವ ಚೌಡಯ್ಯ, ಹಗ್ಗ ಹೊಸೆಯುವ ಚಂದಯ್ಯ, ಅಕ್ಕಿ ಆಯುವ ಲಕ್ಕಮ್ಮ ಮಾರಯ್ಯ ದಂಪತಿಗಳು ಕಲ್ಯಾಣದ ಅನುಭವ ಮಂಟಪದಲ್ಲಿ ಕೇಳುಗರಾಗಿ ಮಾತ್ರವಲ್ಲದೆ ಹೇಳುವವರಾಗಿಯೂ ಕುಳಿತಿದ್ದರೆಂದು ಸಂಪ್ರದಾಯವು ಹೇಳುತ್ತದೆ. ಅಧ್ಯಕ್ಷಪೀಠದಲ್ಲಿದ್ದ ಅಲ್ಲಮಪ್ರಭುಗಳ ಪ್ರಶ್ನೆಗೆ ಯಾರೂ ಹೊರತಾಗಿರಲಿಲ್ಲ.

ಇದಕ್ಕಿಂತಲೂ ನಮ್ಮ ವಿಷಯಕ್ಕೆ ಸಮೀಪವಾದುದು ಶೂನ್ಯಸಂಪಾದನೆಯ ರಚನಾಕ್ರಮ. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹದೇವಯ್ಯನವರು ಮೊದಲು ಸಂಕಲಿಸಿದ ಈ ಗ್ರಂಥವನ್ನು ತರುವಾಯ ಹಲಗೆಯಾರ್ಯರು, ಗುಮ್ಮಳಾಪುರದ ಸಿದ್ಧಲಿಂಗ ಯತಿಗಳು ಮತ್ತು ಗೂಳೂರು ಸಿದ್ಧವೀರಣ್ಣೊಡೆಯರು ಪರಿಷ್ಕರಿಸಿ ಬೆಳೆಸಿದರು. ಗುಮ್ಮಳಾಪುರವು ಇಂದು ತಮಿಳುನಾಡಿಗೆ ಸೇರಿದ ಗಡಿಯ ಊರು. ಗೂಳೂರು ನಮ್ಮ ಈ ಹೆದ್ದಾರಿಯೇ ಮುಟ್ಟುವ ತುಮಕೂರಿನ ಬಳಿಯದು. ಈ ಸಂಪಾದಕರ ಮುಂದೆ ಇದ್ದವು ಬಿಡಿಬಿಡಿಯಾದ ವಚನಗಳು. ಒಂದು ವಚನವು ಕೇಳುವ ಪ್ರಶ್ನೆಗೆ ಮತ್ತೊಂದು ಉತ್ತರವಾಗುವಂತೆ, ಆ ಉತ್ತರವನ್ನು ಮೂರನೆಯದು ಪರೀಕ್ಷಿಸುವಂತೆ ಅವರು ಅವುಗಳನ್ನು ಜೋಡಿಸಿದರು. ಹಾಗೆ ಜೋಡಿಸಿದ್ದರಿಂದ ಬಿಡಿ ಮಾತುಗಳು ಸಂವಾದವಾದುವು. ಗೋಷ್ಠಿಯನ್ನು ಸಂಯೋಜಿಸುವವರ ಕೆಲಸವೂ ಇದೇ. ಬಂದ ಪ್ರಬಂಧಗಳನ್ನು ಲೇಖಕರ ಹುದ್ದೆಗೆ ತಕ್ಕಂತೆ ಸಾಲಾಗಿ ನಿಲ್ಲಿಸುವುದು ಸಂಯೋಜನೆಯಲ್ಲ. ಒಂದೇ ಪ್ರಶ್ನೆಯ ಸುತ್ತ ಅವು ಪರಸ್ಪರ ಮಾತನಾಡುವಂತೆ ಕೂಡಿಸುವುದು ಸಂಯೋಜನೆ.

ವಿಭಾಗದಿಂದ ಬಳಗಕ್ಕೆ

ವಿದ್ವತ್ಸಮ್ಮೇಳನಗಳನ್ನು ವಿಷಯಾನುಸಾರ ವಿಭಾಗಿಸುವ ಪದ್ಧತಿ ನಮ್ಮ ದೇಶಕ್ಕೆ ಹೊಸದಲ್ಲ. 1914ರಲ್ಲಿ ಕಲ್ಕತ್ತೆಯಲ್ಲಿ ಸೇರಿದ ಮೊದಲ ಭಾರತೀಯ ವಿಜ್ಞಾನ ಸಮ್ಮೇಳನದಲ್ಲಿ 105 ವಿಜ್ಞಾನಿಗಳು ಭಾಗವಹಿಸಿ, 35 ಪ್ರಬಂಧಗಳನ್ನು 6 ವಿಭಾಗಗಳಲ್ಲಿ ಮಂಡಿಸಿದರು. ಅದರ ನಾಲ್ಕನೆಯ ಅಧಿವೇಶನ 1917ರಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ನಡೆಯಿತು. 1935ರಲ್ಲಿ ಮೈಸೂರಿನಲ್ಲಿ ಸೇರಿದ ಅಖಿಲ ಭಾರತ ಪ್ರಾಚ್ಯವಿದ್ಯಾ ಸಮ್ಮೇಳನವೂ ವಿಭಾಗಗಳಾಗಿ ಕಾರ್ಯಕಲಾಪ ನಡೆಸಿತು.

ಆದರೆ ವಿಭಾಗವೆಂಬುದು ಸಾಮಾನ್ಯವಾಗಿ ಸಮ್ಮೇಳನದ ದಿನಗಳಲ್ಲಿ ಮಾತ್ರ ಜೀವಿಸುವಂಥದು. ಬಳಗವಾದರೋ ವರ್ಷಪೂರ್ತಿ ಬಾಳುವಂಥದು. ಒಂದೇ ಪ್ರಶ್ನೆಯಲ್ಲಿ ಆಸಕ್ತರಾದವರು ಬೇರೆ ಬೇರೆ ಊರುಗಳಲ್ಲಿದ್ದರೂ ಪತ್ರಮುಖೇನ, ಭೇಟಿಯ ಮೂಲಕ ಸಂಪರ್ಕವಿಟ್ಟುಕೊಂಡು, ಅಪೂರ್ಣ ಬರಹಗಳನ್ನು ಪರಸ್ಪರ ಓದಿ ತಿದ್ದುತ್ತಾ ವರ್ಷಕ್ಕೊಮ್ಮೆ ಸಮ್ಮೇಳನದಲ್ಲಿ ಕೂಡುವುದು ಬಳಗದ ಲಕ್ಷಣ. 1916ರಲ್ಲಿ ಸ್ಥಾಪಿತವಾದ ಅಮೆರಿಕದ ಶಿಕ್ಷಣ ಸಂಶೋಧನಾ ಸಂಘವು 12 ವಿಭಾಗಗಳ ಜೊತೆಗೆ ನೂರೈವತ್ತಕ್ಕೂ ಹೆಚ್ಚು ವಿಶೇಷಾಸಕ್ತಿಯ ಕೂಟಗಳನ್ನು ಹೊಂದಿದೆ. ಯೂರೋಪಿನಲ್ಲಿ 1992ರಲ್ಲಿ ನೆದರ್‌ಲೆಂಡಿನ ಎನ್‌ಶೆಡೆ ನಗರದಲ್ಲಿ ಮೊದಲ ಶಿಕ್ಷಣ ಸಂಶೋಧನಾ ಸಮ್ಮೇಳನ ಜರುಗಿತು. 1994ರಲ್ಲಿ ಯೂರೋಪಿಯನ್ ಶಿಕ್ಷಣ ಸಂಶೋಧನಾ ಸಂಘ ಸ್ಥಾಪನೆಯಾಯಿತು. ಇಂದು ಅದರಲ್ಲಿ ಮೂವತ್ತಕ್ಕೂ ಹೆಚ್ಚು ಬಳಗಗಳಿದ್ದು, ಪ್ರಬಂಧಗಳ ಪರಿಶೀಲನೆ ಹಾಗೂ ಗೋಷ್ಠಿಗಳ ರಚನೆ ಆಯಾ ಬಳಗದ ಸಂಚಾಲಕರ ಹೊಣೆಯಾಗಿದೆ. ಹೊಸಬರಿಗಾಗಿ ಮುಖ್ಯ ಸಮ್ಮೇಳನಕ್ಕೆ ಮುಂಚೆ ಪ್ರತ್ಯೇಕ ಕೂಟವೂ ಅಲ್ಲಿ ನಡೆಯುತ್ತದೆ. ಭಾರತದಲ್ಲಿ 1979ರಲ್ಲಿ ಹುಟ್ಟಿದ ತುಲನಾತ್ಮಕ ಶಿಕ್ಷಣ ಸಂಘವು ಈ ದಿಸೆಯ ಸಂಸ್ಥೆಗಳಲ್ಲೊಂದು.

ಉಪಾಧ್ಯಾಯರ ಬಳಗವು ಏನನ್ನು ಸಾಧಿಸಬಲ್ಲುದೆಂಬುದಕ್ಕೆ ಪರದೇಶದ ನಿದರ್ಶನವೇ ಬೇಕಿಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಮೊದಲಾದ ‘ನಲಿ-ಕಲಿ’ಯನ್ನು ನೆನೆಯಬಹುದು. ಯುನಿಸೆಫ್ ನೆರವಿನಿಂದ ಆಂಧ್ರದ ಋಷಿವ್ಯಾಲಿಯ ಗ್ರಾಮೀಣ ಶಾಲೆಗಳನ್ನು ಕಂಡು ಬಂದ ಸರ್ಕಾರಿ ಶಾಲೆಯ ಉಪಾಧ್ಯಾಯರು ತಾವೇ ಒಟ್ಟಾಗಿ ಕುಳಿತು, ಪಾಠವನ್ನು ಕಲಿಕೆಯ ಮೆಟ್ಟಿಲುಗಳಾಗಿ ಒಡೆದು, ಕಾರ್ಡುಗಳನ್ನು ರಚಿಸಿದರು. 2009-10ರಲ್ಲಿ ಈ ಪದ್ಧತಿಯು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಕೆಳ ತರಗತಿಗಳಿಗೆ ವಿಸ್ತರಿಸಿತು. ಅದರ ಗುಣದೋಷಗಳ ಚರ್ಚೆ ಬೇರೆ; ಒಂದು ತಾಲ್ಲೂಕಿನ ಉಪಾಧ್ಯಾಯರ ಒಕ್ಕೂಟದ ಚಿಂತನೆಯು ರಾಜ್ಯದ ಪದ್ಧತಿಯಾಯಿತೆಂಬುದು ಇಲ್ಲಿ ಗಮನಾರ್ಹ.

ಗೋಷ್ಠಿಯ ಹೆಣಿಗೆ

ಬಳಗವೊಂದು ಸಮ್ಮೇಳನಕ್ಕೆ ಸಿದ್ಧವಾಗುವ ಕ್ರಮವನ್ನು ಸ್ಥೂಲವಾಗಿ ಹೀಗೆ ಹೇಳಬಹುದು.

ಮೊದಲನೆಯದಾಗಿ, ಆಹ್ವಾನಪತ್ರ. ‘ಶಿಕ್ಷಣ ಮತ್ತು ಸಮಾಜ’ ಎಂಬಂಥ ವಿಶಾಲ ಶೀರ್ಷಿಕೆಯಿಂದ ಪ್ರಯೋಜನವಿಲ್ಲ. ಅದರಲ್ಲಿ ಸೇರದ ವಿಷಯವೇ ಇಲ್ಲ. ‘ವರ್ಷದ ನಡುವೆ ಶಾಲೆ ಸೇರುವ ಮಕ್ಕಳ ಭಾಷಾಕಲಿಕೆ’ ಎಂದರೆ ಬರೆಯುವವರಿಗೂ ಕೇಳುವವರಿಗೂ ದಾರಿ ಸ್ಪಷ್ಟ.

ಎರಡನೆಯದಾಗಿ, ಪ್ರಬಂಧಸಾರ. ತಾವು ಕೇಳಿದ ಪ್ರಶ್ನೆ ಯಾವುದು, ಯಾರನ್ನು ಎಷ್ಟು ಕಾಲ ಗಮನಿಸಿದೆವು, ಯಾವ ವಿಧಾನ ಅನುಸರಿಸಿದೆವು, ಏನನ್ನು ಕಂಡೆವು ಎಂಬ ನಾಲ್ಕು ಸಂಗತಿಗಳು ಒಂದು ಪುಟದಲ್ಲಿ ಅಡಕವಾಗಿರಬೇಕು.

ಮೂರನೆಯದಾಗಿ, ಪರಿಶೀಲನೆ. ಲೇಖಕರ ಹೆಸರು ಹುದ್ದೆಗಳನ್ನು ಮರೆಮಾಡಿ ಪ್ರತಿಯೊಂದು ಸಾರವನ್ನೂ ಇಬ್ಬರಿಗೆ ಓದಲು ಕೊಡುವುದು ಉತ್ತಮ. ಆಗ ಪ್ರಾಧ್ಯಾಪಕರ ಬರಹವೂ ಪ್ರಾಥಮಿಕ ಶಾಲೆಯ ಅಧ್ಯಾಪಕಿಯ ಬರಹವೂ ಒಂದೇ ತಕ್ಕಡಿಯಲ್ಲಿ ತೂಗಲ್ಪಡುತ್ತವೆ. ತಿರಸ್ಕರಿಸಿದ ಬರಹಕ್ಕೂ ಕಾರಣವನ್ನು ತಿಳಿಸುವುದು ಸೌಜನ್ಯ ಮಾತ್ರವಲ್ಲ, ಅದೇ ಒಂದು ಪಾಠ.

ನಾಲ್ಕನೆಯದಾಗಿ, ಜೋಡಣೆ. ಆಯ್ದ ಪ್ರಬಂಧಗಳನ್ನು ಮೂರು ಮೂರರಂತೆ, ಒಂದೇ ಪ್ರಶ್ನೆಯ ಸುತ್ತ ಕೂಡಿಸಬೇಕು. ಮೂರೂ ಒಂದೇ ಅಭಿಪ್ರಾಯದವಾದರೆ ಚರ್ಚೆ ಹುಟ್ಟದು. ಮೂರೂ ಬೇರೆ ಬೇರೆ ವಿಷಯದವಾದರೂ ಹುಟ್ಟದು. ಪ್ರಶ್ನೆ ಒಂದಾಗಿದ್ದು ವಿಧಾನ ಅಥವಾ ಫಲಿತಾಂಶ ಬೇರೆಯಾಗಿರುವುದು ಲೇಸು. ಪೂರ್ಣ ಪ್ರಬಂಧವಾಗಿ ಮಾಗದ ಕೆಲಸಕ್ಕೆ ಭಿತ್ತಿಪತ್ರದ ಪ್ರದರ್ಶನವುಂಟು. ಇನ್ನೂ ಪ್ರಶ್ನೆಯ ಹಂತದಲ್ಲಿರುವ ವಿಷಯಕ್ಕೆ ದುಂಡುಮೇಜಿನ ಚರ್ಚೆ ತಕ್ಕುದು.

ಕಾಲದ ಲೆಕ್ಕ

ಸಮಯವಿಲ್ಲವೆಂಬುದು ಸಂಘಟಕರ ಸಾಮಾನ್ಯ ಸಮಜಾಯಿಷಿ. ಲೆಕ್ಕ ಹಾಕಿ ನೋಡೋಣ. ಬೆಳಗ್ಗೆ 10ರಿಂದ ಸಂಜೆ 5ರವರೆಗೆ 420 ನಿಮಿಷಗಳು. ಉದ್ಘಾಟನೆಗೆ 90, ಊಟಕ್ಕೆ 60, ಎರಡು ವೇಳೆಯ ಚಹಾಕ್ಕೆ 30, ಸಮಾರೋಪಕ್ಕೆ 60 ನಿಮಿಷಗಳಾದರೆ ಉಳಿಯುವುದು 180 ನಿಮಿಷ. ಹದಿನೆಂಟು ಪ್ರಬಂಧಗಳಿದ್ದರೆ ಒಂದೊಂದಕ್ಕೆ 10 ನಿಮಿಷ, ಪ್ರಶ್ನೋತ್ತರಕ್ಕೆ ಶೂನ್ಯ.

ಈಗ ಉದ್ಘಾಟನೆಯನ್ನೂ ಸಮಾರೋಪವನ್ನೂ ಅರ್ಧರ್ಧ ಗಂಟೆಗೆ ಇಳಿಸೋಣ. ಆಗ 270 ನಿಮಿಷಗಳು, ಎಂದರೆ ತಲಾ 90 ನಿಮಿಷಗಳ ಮೂರು ಅವಧಿಗಳು ದೊರೆಯುತ್ತವೆ. ಎರಡು ಕೊಠಡಿಗಳಲ್ಲಿ ಏಕಕಾಲಕ್ಕೆ ನಡೆಸಿದರೆ ಆರು ಗೋಷ್ಠಿಗಳಾದುವು. ಗೋಷ್ಠಿಗೆ ಮೂರರಂತೆ ಅದೇ ಹದಿನೆಂಟು ಪ್ರಬಂಧಗಳು. ಆದರೆ ಈಗ ಪ್ರತಿಯೊಬ್ಬರಿಗೂ 20 ನಿಮಿಷ, ಮೇಲೆ ಪ್ರತಿ ಗೋಷ್ಠಿಗೂ 30 ನಿಮಿಷಗಳ ಚರ್ಚೆ. ಖರ್ಚು ಹೆಚ್ಚಿಲ್ಲ, ದಿನ ಹೆಚ್ಚಿಲ್ಲ; ಮಾಲೆಗಳು ಮಾತ್ರ ಕೆಲವು ಕಡಿಮೆ. ಒಂದೇ ಬಳಗದ ಎರಡು ಗೋಷ್ಠಿಗಳು ಒಂದೇ ಹೊತ್ತಿನಲ್ಲಿ ಬಾರದಂತೆ ಎಚ್ಚರ ವಹಿಸಿದರೆ ಆಸಕ್ತರು ಎರಡನ್ನೂ ಕೇಳಬಹುದು.

ಅಧ್ಯಕ್ಷರ ಕರ್ತವ್ಯ

ಗೋಷ್ಠಿಯ ಅಧ್ಯಕ್ಷತೆಯು ಗೌರವದ ಪದವಿಯೆಂಬುದಕ್ಕಿಂತ ಹೆಚ್ಚಾಗಿ ಒಂದು ಕಾಯಕ. ಅಧ್ಯಕ್ಷರು ಮೂರು ಪ್ರಬಂಧಗಳನ್ನೂ ಮುಂಚಿತವಾಗಿ ಓದಿ ಬರಬೇಕು. ಆರಂಭದಲ್ಲಿ ಎರಡು ಮಾತುಗಳಿಂದ ಪ್ರಶ್ನೆಯನ್ನು ಸಭೆಯ ಮುಂದಿಡಬೇಕು. ಹಿರಿಯ ಕಿರಿಯರೆನ್ನದೆ ಕಾಲಮಿತಿಯನ್ನು ಪಾಲಿಸಬೇಕು. ಚರ್ಚೆಯ ಅರ್ಧ ಗಂಟೆಯನ್ನು ಅಧ್ಯಕ್ಷಭಾಷಣವೇ ನುಂಗದಿರಲಿ. ಮೊದಲ ಪ್ರಶ್ನೆಯನ್ನು ಕೇಳುವ ಅವಕಾಶ ಸಭೆಯ ಕಿರಿಯರಿಗೆ ದೊರೆತರೆ, ಮೌನವಾಗಿ ಕುಳಿತವರಿಗೂ ಧೈರ್ಯ ಬರುತ್ತದೆ. ಮಕ್ಕಳನ್ನು ಕುರಿತ ಪ್ರಬಂಧಗಳಲ್ಲಿ ಮಗುವಿನ ಹೆಸರಾಗಲಿ, ಗುರುತು ಹತ್ತುವ ವಿವರವಾಗಲಿ ಬಾರದಂತೆ ನೋಡಿಕೊಳ್ಳುವುದೂ ಅವರ ಹೊಣೆ.

ಸಮ್ಮೇಳನದ ಮರುದಿನ

ಬಳಗದ ಸತ್ತ್ವಪರೀಕ್ಷೆ ನಡೆಯುವುದು ಸಮ್ಮೇಳನ ಮುಗಿದ ಮೇಲೆ. ಕೊನೆಯ ದಿನ ಸದಸ್ಯರು ಒಂದು ಗಂಟೆ ಕುಳಿತು, ಯಾವ ಪ್ರಶ್ನೆಗೆ ಉತ್ತರ ದೊರೆಯಿತು, ಯಾವುದು ಉಳಿಯಿತು, ಮುಂದಿನ ವರ್ಷ ಯಾರು ಏನನ್ನು ಗಮನಿಸಿ ಬರುವರು ಎಂಬುದನ್ನು ಬರೆದಿಡಬೇಕು. ಪ್ರಬಂಧಗಳ ಪ್ರಕಟಣೆಯೂ ತಡವಾಗಬಾರದು. ಫ. ಗು. ಹಳಕಟ್ಟಿಯವರು ಮನೆಮನೆಗಳಿಂದ ವಚನಗಳ ಓಲೆಗರಿಗಳನ್ನು ಸಂಗ್ರಹಿಸಿದ್ದಲ್ಲದೆ 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನೂ ಆರಂಭಿಸಿದರು. ಸಂಗ್ರಹಿಸಿದ್ದು ಓದುಗರ ಕೈ ಸೇರಿದಾಗಲೇ ಸಂಶೋಧನೆಯು ಸಮಾಜದ ಸ್ವತ್ತಾಗುತ್ತದೆಂಬುದನ್ನು ಅವರು ಬಲ್ಲವರಾಗಿದ್ದರು.

ನಾವು ಮಾಡಬಹುದಾದುದು

ನಾಗಸಂದ್ರ, ದಾಸರಹಳ್ಳಿ, ಪೀಣ್ಯ, ಮಾದಾವರ, ನೆಲಮಂಗಲ ಈ ದಾರಿಯುದ್ದಕ್ಕೂ ಸರ್ಕಾರಿ, ಖಾಸಗಿ ಹಾಗೂ ಮಠಗಳ ಆಶ್ರಯದ ಶಾಲೆಗಳಿವೆ. ಇವುಗಳಿಂದ ಎಂಟು ಹತ್ತು ಮಂದಿ ಉಪಾಧ್ಯಾಯರು ಸೇರಿದರೆ ಒಂದು ಬಳಗವಾಯಿತು. ಸರ್ಕಾರಿ ಶಾಲೆಗಳ ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆಗಳು ಇದಕ್ಕೆ ಒದಗಿದ ಸಿದ್ಧ ವೇದಿಕೆ. ಸಲಹೆ ಬೇಕಾದಲ್ಲಿ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ, ನಾಗರಭಾವಿಯ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ, ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯಗಳಂಥ ವಿದ್ಯಾಕೇಂದ್ರಗಳು ದೂರವಿಲ್ಲ.

ಮೊದಲ ವರ್ಷಕ್ಕೆ ಒಂದೇ ಪ್ರಶ್ನೆ ಸಾಕು. ಪ್ರತಿ ಶಾಲೆಯ ಪ್ರವೇಶದ ದಾಖಲೆಯಿಂದ, ಜೂನ್ ತಿಂಗಳ ನಂತರ ಸೇರಿದ ಮಕ್ಕಳೆಷ್ಟು, ಯಾವ ತಿಂಗಳಲ್ಲಿ ಬಂದರು, ಮನೆಮಾತು ಯಾವುದು, ವರ್ಷಾಂತ್ಯದಲ್ಲಿ ಎಷ್ಟು ಮಂದಿ ಉಳಿದರು ಎಂಬುದನ್ನು ಮುಖ್ಯೋಪಾಧ್ಯಾಯರ ಅನುಮತಿಯಿಂದ, ಹೆಸರುಗಳನ್ನು ಬಿಟ್ಟು, ಎಲ್ಲರೂ ಒಂದೇ ಮಾದರಿಯ ಹಾಳೆಯಲ್ಲಿ ಗುರುತಿಸಿಕೊಳ್ಳಲಿ. ಅಂಥ ಮಕ್ಕಳಿಗೆ ಮೊದಲ ತಿಂಗಳಲ್ಲಿ ತಾವು ಕಲಿಸಿದ ರೀತಿಯನ್ನು ಪ್ರತಿಯೊಬ್ಬರೂ ಎರಡು ಪುಟ ಬರೆಯಲಿ. ಹತ್ತು ಶಾಲೆಗಳ ಹಾಳೆಗಳನ್ನು ಪಕ್ಕಪಕ್ಕದಲ್ಲಿಟ್ಟಾಗ ಒಂದು ಶಾಲೆಯೊಳಗೆ ಕಾಣದಿದ್ದ ಚಿತ್ರವು ಕಾಣತೊಡಗುತ್ತದೆ: ಇಲ್ಲಿ ಬಿಟ್ಟು ಹೋದ ಮಕ್ಕಳು ಮುಂದಿನ ಬಡಾವಣೆಯಲ್ಲಿ ಸೇರುತ್ತಿದ್ದಾರೆಯೋ, ಶಾಲೆಯನ್ನೇ ಬಿಡುತ್ತಿದ್ದಾರೆಯೋ ಎಂಬುದನ್ನು ಆಗ ವಿಚಾರಿಸಲು ಆಧಾರ ಸಿಗುತ್ತದೆ. ಅದು ಯಾವ ಶಿಕ್ಷಣ ಸಮ್ಮೇಳನದಲ್ಲಿಯೂ ಗೌರವದಿಂದ ಮಂಡಿಸಬಹುದಾದ ವಸ್ತು.

ಅನ್ನ, ಅಕ್ಷರ, ಆಶ್ರಯಗಳ ತ್ರಿವಿಧ ದಾಸೋಹಕ್ಕೆ ನಮ್ಮ ಮಠಗಳು ಹೆಸರಾಗಿವೆ. ಅಕ್ಷರವನ್ನು ಬಡಿಸುವವರು ತಾವು ಬಡಿಸುತ್ತಿರುವುದು ಮಗುವಿಗೆ ದಕ್ಕುತ್ತಿದೆಯೇ ಎಂದು ಪರೀಕ್ಷಿಸುವುದೂ, ಪರೀಕ್ಷಿಸಿ ಕಂಡದ್ದನ್ನು ನೆರೆಯ ಶಾಲೆಯವರೊಡನೆ ಹಂಚಿಕೊಳ್ಳುವುದೂ ದಾಸೋಹದ ಅಂಗವೇ ಸರಿ. ಉಪಾಧ್ಯಾಯ ಬಂಧುಗಳು ಈ ಶೈಕ್ಷಣಿಕ ವರ್ಷದಲ್ಲಿಯೇ ಇಂಥದೊಂದು ಬಳಗಕ್ಕೆ ನಾಂದಿ ಹಾಡಲೆಂದೂ, ಮುಂದಿನ ವಾರ್ಷಿಕ ಸಂಪುಟದಲ್ಲಿ ಅದರ ಮೊದಲ ವರದಿಯನ್ನು ಓದುವ ಭಾಗ್ಯ ನಮಗೆ ದೊರೆಯಲೆಂದೂ ಹಾರೈಸುತ್ತೇನೆ.